ಕೈ ಮರದ್ದು, ಕಾಲು ನೆಲದ್ದು

ನಮ್ಮ ಊರಿಗೆ ಯಾರದಾದರೂ ಮನೆ ಹುಡುಕಿಕೊಂಡು ಬಂದವರನ್ನು, ‘ಯಾವ ಕಪ್ಪೆಯವರು ಬೇಕಾಗಿತ್ತು?’ ಎಂದು ಕೇಳುವುದು ವಾಡಿಕೆ. ಪರಸ್ಥಳದವರು ಮೊದಮೊದಲು ತಬ್ಬಿಬ್ಬಾಗುತ್ತಾರೆ. ಎರಡು ದಿನ ಉಳಿದರೆ ಅವರಿಗೂ ರೂಢಿಯಾಗಿ, ಓಣಿಯಲ್ಲಿ ನಡೆಯುತ್ತ ಮುಚ್ಚದ ಕಿಟಕಿ ಕಂಡರೆ ಇದು ಮರಗಪ್ಪೆಯವರದು, ಹೊಸ್ತಿಲ ಮೂಲೆಯಲ್ಲಿ ಕಂಡಿ ಕಂಡರೆ ನೆಲಗಪ್ಪೆಯವರದು ಎಂದು ತಾವೇ ಹೇಳತೊಡಗುತ್ತಾರೆ. ನಮ್ಮಲ್ಲಿ ಜಾತಿ ಕೇಳುವುದು ಕಪ್ಪೆಯದನ್ನು ಮಾತ್ರ.

ಮದುವೆಯಾದ ದಿನ ಗಂಡ ಹೆಂಡತಿ ಕೆರೆಗೆ ಹೋಗುತ್ತಾರೆ. ಒಂದೇ ತೆಂಗಿನ ಚಿಪ್ಪನ್ನು ಇಬ್ಬರೂ ಹಿಡಿದು ನೀರಿನಲ್ಲಿ ಅದ್ದುತ್ತಾರೆ. ಅದರೊಳಗೆ ಬಂದ ಗೊದಮೊಟ್ಟೆ ಅವರದು. ಆರಿಸುವಂತಿಲ್ಲ, ಬೇಡ ಎನ್ನುವಂತಿಲ್ಲ. ಮನೆಗೆ ತಂದು ಮಣ್ಣಿನ ಬೋಗುಣಿಯಲ್ಲಿ ಸಾಕುತ್ತಾರೆ. ಹಿಂಗಾಲು ಮೂಡಿ, ಮುಂಗಾಲು ಮೂಡಿ, ಬಾಲ ಕರಗಿ, ಅದು ಬೋಗುಣಿಯ ಅಂಚಿಗೆ ಬಂದು ಕೂತ ಮೇಲೆ ಯಾವ ಜಾತಿಯ ಕಪ್ಪೆ ಎಂದು ಗುರುತು ಹೇಳಿಸಬೇಕು. ಅಲ್ಲಿಂದ ಮುಂದೆ ಅದರ ಕಟ್ಟಳೆಯೇ ಮನೆಯ ಕಟ್ಟಳೆ. ಗೋಂಕರುಗಪ್ಪೆಯಾದರೆ ಅಂಗಳದ ಕಲ್ಲುದೋಣಿಯಲ್ಲಿ ನೀರು ಎಂದೂ ಬತ್ತಬಾರದು. ನೆಲಗಪ್ಪೆಯಾದರೆ ಹೊಸ್ತಿಲಿಗೆ ಕಂಡಿ ಬಿಟ್ಟು, ಹುಳ ಬಂದು ಬೀಳಲೆಂದು ಮುಸ್ಸಂಜೆ ಬಾಗಿಲಲ್ಲಿ ದೀಪ ಇಡಬೇಕು. ಮರಗಪ್ಪೆಯಾದರೆ ಒಂದು ಕಿಟಕಿಯನ್ನು ಗಾಳಿಯಿರಲಿ ಮಳೆಯಿರಲಿ ಮುಚ್ಚುವಂತಿಲ್ಲ. ಗುದ್ದಲಿಗಪ್ಪೆಯಾದರೆ ಮನೆಯೊಳಗೇ ಮೊರದಗಲ ನೆಲವನ್ನು ಕಲ್ಲು ಹಾಸದೆ, ಸಾರಿಸದೆ, ತುಳಿಯದೆ ಬಿಡಬೇಕು. ಅದು ಅಲ್ಲಿ ಹಿಂದಹಿಂದಕ್ಕೆ ಸರಿದು ಮಣ್ಣಿಗಿಳಿದರೆ ವರ್ಷದಲ್ಲಿ ಎಂಟು ತಿಂಗಳು ಕಣ್ಣಿಗೆ ಬೀಳುವುದಿಲ್ಲ.

ಒಂದು ನೆಲಕ್ಕೆ ಒಂದೇ ಕಪ್ಪೆ. ಗಂಡ ಹೆಂಡಿರಲ್ಲಿ ಒಬ್ಬರು ತೀರಿಕೊಂಡ ದಿನ ಅದು ತಾನಾಗಿ ಹೊಸ್ತಿಲು ದಾಟಿ ಕೆರೆಗೆ ಹೊರಟುಬಿಡುತ್ತದೆ. ತಮ್ಮ ಕಪ್ಪೆಗೆ ಒಗ್ಗದ ಮನೆಯಲ್ಲಿ ಗಂಡ ಹೆಂಡಿರು ಬಾಳುವಂತಿಲ್ಲ. ಒಗ್ಗುವ ಮನೆ ಬೇರೆ ಸಿಗದಿದ್ದರೆ ಕಪ್ಪೆಯನ್ನು ಕೆರೆಗೆ ಬಿಟ್ಟು ಇಬ್ಬರೂ ತಂತಮ್ಮ ಬಂದ ದಾರಿ ಹಿಡಿಯಬೇಕು. ಏಕೆ ಹೀಗೆ ಎಂದು ನಾನು ಕೇಳಿದವಳಲ್ಲ. ಸೂರ್ಯ ಮೂಡಣದಲ್ಲೇ ಏಕೆ ಹುಟ್ಟುತ್ತಾನೆ ಎಂದೂ ಕೇಳಿಲ್ಲ. ಎರಡಕ್ಕೂ ಬೆಳಿಗ್ಗೆ ಎದ್ದು ಕೈ ಮುಗಿಯುತ್ತೇನೆ.

ಗುರುತು ಹೇಳುವ ಕೆಲಸ ನಮ್ಮ ಮನೆಯದು. ಅದು ಅತ್ತೆಯಿಂದ ಸೊಸೆಗೆ ಬರುತ್ತದೆ. ನನ್ನ ಹೆಸರು ಬೇರೆ ಇದೆ, ಆದರೆ ಇಪ್ಪತ್ತೆಂಟು ವರ್ಷದಿಂದ ಊರಿಗೆ ನಾನು ಗುರುತವ್ವ. ನನ್ನತ್ತೆ ಕಲಿಸಿದ್ದು ಇಷ್ಟು: ಬಾಲ ಕರಗಿದ ಮೇಲೆ ಒಂಬತ್ತು ದಿನ ಕಾಯಬೇಕು. ಮರಿಗಪ್ಪೆಯ ಬಣ್ಣವನ್ನು ನಂಬಬಾರದು, ಏಕೆಂದರೆ ಆ ವಯಸ್ಸಿನಲ್ಲಿ ಎಲ್ಲವೂ ಕೆಸರಿನ ಬಣ್ಣದವೇ. ಎಣ್ಣೆ, ಸೀಗೆ ಯಾವುದೂ ಸೋಕದ ಕೈಯನ್ನು ನೀರಿನಲ್ಲಿ ತೋಯಿಸಿ, ಮಣಿಕಟ್ಟಿನ ಒಳಭಾಗದಲ್ಲಿ ಅದನ್ನು ಕೂರಿಸಿಕೊಳ್ಳಬೇಕು. ಮೊದಲು ಅದರ ಕೈ ನೋಡಬೇಕು. ಬೆರಳ ತುದಿ ಅಗಲವಾಗಿದ್ದರೆ ಮರಗಪ್ಪೆ. ಮೊನೆಯಾಗಿದ್ದರೆ ಕಾಲು ನೋಡಬೇಕು. ಹಿಮ್ಮಡಿಯಲ್ಲಿ ಉಗುರಿನಂಥ ಗಟ್ಟಿ ಅಂಚು ಇದ್ದರೆ ಗುದ್ದಲಿಗಪ್ಪೆ. ಅದೂ ಇಲ್ಲದಿದ್ದರೆ ಬೆನ್ನು ನೋಡಬೇಕು. ತರಿತರಿಯಾಗಿದ್ದರೆ ನೆಲಗಪ್ಪೆ, ನುಣುಪಾಗಿದ್ದರೆ ಗೋಂಕರು. ಒಂದು ಗುರುತು ಸಿಕ್ಕಿತೋ, ಅಲ್ಲಿಗೆ ನಿಲ್ಲಿಸಬೇಕು. ಇನ್ನಷ್ಟು ಹೊರಳಿಸಿ ನೋಡುವುದು ಎಳೆಯ ಜೀವಕ್ಕೆ ಹಿಂಸೆ. ಅತ್ತೆ ಹಾಗೆಯೇ ಮಾಡಿದಳು, ನಾನೂ ಹಾಗೆಯೇ ಮಾಡಿದೆ.

ಕೌದಿ ಹೊಲಿಯುವ ದ್ಯಾಮವ್ವ ಮರುಮದುವೆಯಾದಾಗ ಅವಳಿಗೆ ನಲವತ್ತಾರು ವರ್ಷ. ಮೊದಲ ಗಂಡ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಸುಡುಬಿಸಿಲಿನಲ್ಲಿ ಅವರ ಮನೆಯ ಕಪ್ಪೆ ಹೊಸ್ತಿಲು ದಾಟಿ ಓಣಿಗೆ ಇಳಿದಿತ್ತು. ಹೆಣದ ಬಳಿ ಕೂತು ಅಳಬೇಕಾದವಳು ಕೊಡ ತೆಗೆದುಕೊಂಡು ಅದರ ಹಿಂದೆ ಹೊರಟಳು. ಅದರ ಪಾದ ಸುಡಬಾರದೆಂದು ಮುಂದೆ ಮುಂದೆ ನೀರು ಚಿಮುಕಿಸುತ್ತ ಕೆರೆಯವರೆಗೂ ನಡೆದು ಹೋದಳು. ಓಣಿಯ ಧೂಳಿನಲ್ಲಿ ಒದ್ದೆಯ ಒಂದು ಗೆರೆ ಉಳಿದಿತ್ತು. ಅದು ಆರುವವರೆಗೂ ಯಾರೂ ದಾಟಲಿಲ್ಲ.

ಆಮೇಲೆ ತಮ್ಮ ಮನೆಯನ್ನು ಬೇರೆ ಗಂಡ ಹೆಂಡಿರಿಗೆ ಬಿಟ್ಟುಕೊಟ್ಟು ಅವಳು ಗಂಡನ ಅಣ್ಣನ ಮನೆಯಲ್ಲಿದ್ದಳು. ಆ ಮನೆಗೆ ವರ್ಷಕ್ಕೊಮ್ಮೆ ಈರಭದ್ರ ಬರುತ್ತಿದ್ದ. ಸವೆದ ಬೀಸುಕಲ್ಲುಗಳಿಗೆ ಉಳಿಯಿಂದ ಹೊಸ ಹಲ್ಲು ಕುಟ್ಟಿಕೊಡುವುದು ಅವನ ಕಸುಬು. ಊರೂರು ಅಲೆಯುವವನು, ಐವತ್ತು ದಾಟಿದರೂ ಸ್ವಂತಕ್ಕೊಂದು ಸೂರು ಕಂಡವನಲ್ಲ. ಎರಡು ವರ್ಷದಿಂದ ಆ ಮನೆಯ ಬೀಸುಕಲ್ಲು ಏಕೋ ತಿಂಗಳಿಗೊಮ್ಮೆ ಸವೆಯತೊಡಗಿತು. ಬಾವಿಕಟ್ಟೆಯ ಹೆಂಗಸರು ದ್ಯಾಮವ್ವನನ್ನು ಜೋಳ ಬೀಸುತ್ತೀಯೋ ಕಲ್ಲನ್ನೇ ಬೀಸುತ್ತೀಯೋ ಎಂದು ಕಾಡಿದರು. ಅವಳು ನಕ್ಕು, ಕಲ್ಲು ಸವೆದರೆ ತಾನೇನು ಮಾಡಲಿ ಎಂದಳಂತೆ. ಶಿವರಾತ್ರಿ ಕಳೆದ ಮೇಲೆ ಮದುವೆಯಾಯಿತು.

ಮದುವೆಯೇನೋ ಆಯಿತು, ಮನೆ ಎಲ್ಲಿಯದು? ಊರಿನ ನೆಲದ ಮನೆಗಳಿಗೆಲ್ಲ ಒಂದೊಂದು ಕಪ್ಪೆ ಇದ್ದೇ ಇತ್ತು. ಖಾಲಿ ಇದ್ದದ್ದು ಗಾಣದ ಅಡಿವೆಪ್ಪನ ಅಟ್ಟದ ಕೋಣೆ ಒಂದೇ. ಕೆಳಗೆ ಅವನ ಗಾಣ ಮತ್ತು ಸಂಸಾರ, ಮೇಲೆ ಬೇರೆ ನೆಲವೆಂದೇ ಲೆಕ್ಕವಾದ ಒಂದು ಕೋಣೆ. ಕಲ್ಲುಹಾಸಿನ ನೆಲ, ಪಡುವಣಕ್ಕೊಂದು ಕಿಟಕಿ. ನೀರಿನ ದೋಣಿಗೆ ಜಾಗವಿಲ್ಲ, ಹೊಸ್ತಿಲಾಚೆ ಅಂಗಳವಿಲ್ಲ, ಹಿಡಿ ಮಣ್ಣಿಲ್ಲ. ಮರಗಪ್ಪೆಯಾದರೆ ಮಾತ್ರ ಅವರು ಅಲ್ಲಿ ಬಾಳಬಹುದಿತ್ತು. ಬೇರೆ ಯಾವುದಾದರೂ ದ್ಯಾಮವ್ವ ಭಾವನ ಮನೆಗೆ, ಈರಭದ್ರ ತನ್ನ ದಾರಿಗೆ. ಇದು ಊರಿಗೆಲ್ಲ ಗೊತ್ತಿತ್ತು. ಅವರು ಚಿಪ್ಪನ್ನು ನೀರಿಗೆ ಅದ್ದಿದಾಗ ದಂಡೆಯ ಮೇಲೆ ನಿಂತವರೆಲ್ಲ ಕತ್ತು ಚಾಚಿ ನೋಡಿದರು.

ಗೊದಮೊಟ್ಟೆ ಕಪ್ಪೆಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಮ್ಮೆಯೂ ಸಾಕು ಅನ್ನಿಸಿಲ್ಲ. ನೀರನ್ನೇ ಉಸಿರಾಡುತ್ತ, ಸೊಪ್ಪು ಮುಕ್ಕುತ್ತ, ಕೈಕಾಲಿಲ್ಲದೆ ಮೀನಿನಂತಿದ್ದದ್ದು ಒಂದು ದಿನ ಊಟ ಬಿಡುತ್ತದೆ. ಹೊಟ್ಟೆಗೆ ಏನೂ ಇಲ್ಲದೆ ತನ್ನ ಬಾಲವನ್ನೇ ಒಳಗೊಳಗೆ ಉಂಡು, ಬಾಯಿಯನ್ನೂ ಕರುಳನ್ನೂ ಹೊಸದಾಗಿ ಕಟ್ಟಿಕೊಂಡು, ಗಾಳಿಗೆ ಬರುತ್ತದೆ. ಯಾವ ಗರ್ಭಗುಡಿಯಲ್ಲಿ ನಿಂತು ನೋಡಿದರೂ ಇದಕ್ಕಿಂತ ಹೆಚ್ಚಿನದು ನನಗೆ ಕಂಡಿಲ್ಲ. ಆ ದಿನಗಳಲ್ಲಿ ದ್ಯಾಮವ್ವನೂ ಊಟ ಕಡಿಮೆ ಮಾಡಿದ್ದಳು ಎಂದು ಅಡಿವೆಪ್ಪ ಹೇಳಿದ.

ಒಂಬತ್ತನೆಯ ದಿನ ನಾನು ಮೆಟ್ಟಿಲು ಹತ್ತಿ ಹೋದೆ. ಈರಭದ್ರ ಗೋಡೆಗೆ ಆತು ನಿಂತಿದ್ದ. ದ್ಯಾಮವ್ವ ಬೋಗುಣಿ ತಂದಿಟ್ಟಳು. ಹೆಬ್ಬೆರಳಿನ ಉಗುರಿನಷ್ಟು ಮರಿ, ಕೆಸರಿನದೇ ಬಣ್ಣ. ನನ್ನ ಮಣಿಕಟ್ಟಿನ ಮೇಲೆ ಕೂತು ಎದೆ ಏರಿಳಿಸುತ್ತಿತ್ತು. ಅದರ ಉಸಿರು ಯಾವುದು, ನನ್ನ ನಾಡಿ ಯಾವುದು ತಿಳಿಯಲಿಲ್ಲ. ನಾನು ಕೈ ನೋಡಿದೆ. ಬೆರಳ ತುದಿಗಳು ಅಗಲವಾಗಿ, ಯಾರೋ ಚಿವುಟಿ ಚಪ್ಪಟೆ ಮಾಡಿದಂತಿದ್ದವು. ಸಂಶಯವೇ ಇಲ್ಲ. ಮರಗಪ್ಪೆ ಎಂದೆ.

ಈರಭದ್ರ ಹೋಗಿ ಕಿಟಕಿಯ ಕದಗಳನ್ನು ಪೂರ್ತಿ ತೆರೆದಿಟ್ಟ. ಅಡಿವೆಪ್ಪ ಕೆಳಗಿನಿಂದ ಒಂದು ತಂಬಿಗೆ ಕುಸುಬೆ ಎಣ್ಣೆ ಕಳಿಸಿದ. ಮಧ್ಯಾಹ್ನ ಗೋಧಿ ಹುಗ್ಗಿ ಮಾಡಿದರು. ಉಂಡು ಮನೆಗೆ ಬಂದು ನಾನು ನೆಮ್ಮದಿಯಿಂದ ಮಲಗಿದೆ.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ದ್ಯಾಮವ್ವ ನಮ್ಮ ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತಳು. ನೀರು ಕೊಟ್ಟರೆ ಕುಡಿಯಲಿಲ್ಲ. ಕಪ್ಪೆ ಒಂದು ದಿನವೂ ಕಿಟಕಿಯ ಹತ್ತಿರ ಸುಳಿದಿಲ್ಲ ಎಂದಳು. ನಾಲ್ಕು ದಿನದ ಹಿಂದೆ ಕಾಣಿಸದೆ ಹೋಗಿತ್ತು. ಎಲ್ಲ ಕಡೆ ಹುಡುಕಿದ್ದಳು. ಮೊನ್ನೆ ಒಲೆ ಸಾರಿಸಲು ಬುಟ್ಟಿಯಲ್ಲಿಟ್ಟಿದ್ದ ಕೆಮ್ಮಣ್ಣಿಗೆ ಕೈ ಹಾಕಿದಾಗ ಬೆರಳಿಗೆ ತಣ್ಣಗೆ ಏನೋ ತಗುಲಿತು. ತೆಗೆದು ನೆಲದ ಮೇಲೆ ಬಿಟ್ಟರೆ ಅದು ಮತ್ತೆ ಬುಟ್ಟಿ ಏರಿ, ಹಿಂದಹಿಂದಕ್ಕೆ ಸರಿಯುತ್ತ, ಅವಳ ಕಣ್ಣೆದುರಿಗೇ ಮಣ್ಣಿನೊಳಗೆ ಮುಳುಗಿತು.

ಗಂಡನಿಗೆ ಹೇಳಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದಳು. ಬುಟ್ಟಿಯ ಮೇಲೆ ಅರಿವೆ ಮುಚ್ಚಿ ಬಂದಿದ್ದಳು. ಯಾರೂ ನೋಡಿಲ್ಲ, ನೀನೂ ನೋಡಿಲ್ಲ ಅಂದುಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ಕೇಳಬೇಕು ಅನ್ನಿಸಿತು. ಗುರುತವ್ವನ ಬಾಯಲ್ಲಿ ಬರಬಾರದ ಮಾತು ಅದು. ಕೇಳಲಿಲ್ಲ. ಆದರೂ ಅದು ಅವಳಿಗೆ ಕೇಳಿಸಿತು.

“ಎರಡ ದಿನಾ ಸುಮ್ಮನಿದ್ದೆ ಬೇ” ಎಂದಳು. “ಬುಟ್ಟಿ ಅಲ್ಲೇ ಇರ್ಲಿ, ಯಾರಿಗೂ ಗೊತ್ತಾಗೂದಿಲ್ಲ ಅಂತ. ಆದ್ರ ಗೇಣುದ್ದ ಬುಟ್ಟಿ ಅದು. ಇವನ ಜೋಡಿ ಬಾಳಬೇಕಂತ ನಾ ಅದನ್ನ ಬುಟ್ಯಾಗ ಹೂತಿಟ್ಟಂಗ ಆಗ್ಲಿಲ್ಲೇನು?”

ನಾನು ಎದ್ದು ಅವಳ ಜೊತೆ ಹೊರಟೆ.

ಅವರ ಕೋಣೆಯಲ್ಲಿ ಯಾರೂ ಇರಲಿಲ್ಲ. ಬುಟ್ಟಿಯ ಮಣ್ಣನ್ನು ಬೆರಳಿನಿಂದ ಸರಿಸಿ ಮರಿಯನ್ನು ಎತ್ತಿಕೊಂಡೆ. ಇಪ್ಪತ್ತು ದಿನದಲ್ಲಿ ಅದು ಬೆಳೆದಿತ್ತು, ಬಣ್ಣ ಬಂದಿತ್ತು. ಕಂದು ಬೆನ್ನಿನ ಎರಡು ಬದಿಗೂ ಸುಟ್ಟ ಇಟ್ಟಿಗೆಯ ಕೆಂಪು ಪಟ್ಟೆ. ಅಂಥ ಕೆಂಪನ್ನು ನಾನು ಕಪ್ಪೆಯ ಮೈಮೇಲೆ ಕಂಡಿರಲಿಲ್ಲ. ಮಣಿಕಟ್ಟು ತೋಯಿಸಿ ಕೂರಿಸಿಕೊಂಡು ಮತ್ತೆ ಕೈ ನೋಡಿದೆ. ಅಗಲವಾದ ಬೆರಳ ತುದಿ. ನನ್ನ ಕಣ್ಣು ಆ ದಿನ ತಪ್ಪಿರಲಿಲ್ಲ. ಇಲ್ಲಿಗೆ ನಿಲ್ಲಿಸಬೇಕು ಎಂದು ಅತ್ತೆ ಹೇಳಿಕೊಟ್ಟಿದ್ದಳು. ನಾನು ಶಿವನನ್ನು ನೆನೆದು ಅದನ್ನು ಮೆಲ್ಲಗೆ ಹೊರಳಿಸಿ ಹಿಂಗಾಲು ನೋಡಿದೆ.

ಹಿಮ್ಮಡಿಯಲ್ಲಿ ಗುದ್ದಲಿ ಇತ್ತು. ಒಂದಲ್ಲ, ಒಂದೊಂದು ಕಾಲಿಗೆ ಎರಡೆರಡು. ಎಳೆಯ ಉಗುರಿನಂತೆ ಹೊಳೆಯುತ್ತಿದ್ದವು.

ಕೈ ನೋಡಿದರೆ ಮರದ್ದು, ಕಾಲು ನೋಡಿದರೆ ನೆಲದ್ದು. ಒಂದೇ ಜೀವ ಎರಡು ಲೋಕಕ್ಕೂ ಬೇಕಾದ ಸಲಕರಣೆ ಹೊತ್ತುಕೊಂಡು ನನ್ನ ಮಣಿಕಟ್ಟಿನ ಮೇಲೆ ಕೂತು ರೆಪ್ಪೆ ಮಿಟುಕಿಸುತ್ತಿತ್ತು. ಕೆರೆಯಲ್ಲಿ ನಾಲ್ಕೇ ಜಾತಿ ಎಂದು ನಾನು, ನನ್ನತ್ತೆ, ಅವಳ ಅತ್ತೆ ಎಲ್ಲರೂ ಹೇಳಿಕೊಂಡು ಬಂದಿದ್ದೆವು. ಒಂದು ಗುರುತು ಸಿಕ್ಕೊಡನೆ ನೋಡುವುದನ್ನು ಬಿಡುತ್ತಿದ್ದವರಿಗೆ ಐದನೆಯದು ಕಾಣಿಸುವುದಾದರೂ ಹೇಗೆ? ಆ ಕ್ಷಣದಲ್ಲಿ ನನಗೆ ತಪ್ಪು ಮಾಡಿದ ನಾಚಿಕೆಯಾಗಲಿಲ್ಲ. ಅದು ಆಮೇಲೆ ಬಂತು. ಮೊದಲು ಬಂದದ್ದು ಬೆರಗು. ಸೃಷ್ಟಿ ಮಾಡಿದವನು ನಮ್ಮ ಲೆಕ್ಕವನ್ನು ಕೇಳಿ ಮಾಡಿಲ್ಲ ಅನ್ನುವ ಬೆರಗು.

ದ್ಯಾಮವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಗುದ್ದಲಿಗಪ್ಪೆ ಹೌದಲ್ಲ ಎಂದು ಕೇಳಿದಳು. ಅಲ್ಲ ಎಂದೆ. ಹಾಗಾದರೆ ಮರಗಪ್ಪೆಯೇ ಎಂದಳು, ದನಿಯಲ್ಲಿ ಆಸೆ ಬಂದಿತ್ತು. ಅದೂ ಅಲ್ಲ ಎಂದೆ. ಅವಳಿಗೆ ತೋರಿಸಿದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳು ಯಾತಕ್ಕೆ ಬಂತೋ, ನಾನು ಕೇಳಲಿಲ್ಲ.

ಒಮ್ಮೆ ಹೇಳಿದ ಗುರುತನ್ನು ಹಿಂದೆ ತೆಗೆದುಕೊಂಡದ್ದು ನಮ್ಮ ಮನೆತನದಲ್ಲೇ ಇಲ್ಲ. ಆದರೂ ಈರಭದ್ರ ಕೆಲಸ ಮುಗಿಸಿ ಬರುವ ಹೊತ್ತಿಗೆ ಅಡಿವೆಪ್ಪನನ್ನೂ ಮೇಲೆ ಕರೆಸಿದೆ. ಇಬ್ಬರ ಮುಂದೆ ನಿಂತು, ನಾನು ಹೇಳಿದ್ದು ತಪ್ಪಾಗಿತ್ತು ಎಂದೆ. ಅರ್ಧವೇ ನೋಡಿದ್ದೆ, ಇದು ಯಾವ ಜಾತಿ ಎಂದು ನನಗೆ ತಿಳಿಯದು, ಎಂದೆ. ಅಡಿವೆಪ್ಪ ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು, ದೂರದಿಂದಲೇ ಮರಿಯನ್ನು ದಿಟ್ಟಿಸಿದ.

“ಕೈ ಮರದ್ದು, ಕಾಲು ನೆಲದ್ದು” ಎಂದ. “ಅತ್ತಿ ಮಾತಿಗೂ ಹೂಂ, ಗಂಡನ ಮಾತಿಗೂ ಹೂಂ ಅನ್ನೂ ಜಾಣ ಸೊಸಿ ಇದು. ಅಲ್ಲಕ್ಕಾ, ನಿಮ್ಮನಿ ಗುರುತು ಹಿಂಗಾದ್ರ, ನನ್ನ ದೋಣ್ಯಾಗ ಕೂತು ಮೂವತ್ತ ವರ್ಷದಿಂದ ಗುಟುರು ಹಾಕೂದು ಕಪ್ಪಿನೋ ಕೋಣನೋ ಅದನ್ನೂ ಒಮ್ಮಿ ನೋಡಿಬಿಡು.”

ಯಾರೂ ನಗಲಿಲ್ಲ. ಈರಭದ್ರ ಮೂಲೆಗೆ ಹೋಗಿ ಉಳಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದ. ಅಲೆದಾಡಿದವನಿಗೆ ಹೊರಡುವುದು ಹೇಳಿಕೊಡಬೇಕಾಗಿಲ್ಲ. ಮರಿಯನ್ನು ಸಂಜೆ ಕೆರೆಗೆ ಬಿಡೋಣ ಎಂದು ಅಡಿವೆಪ್ಪನೇ ಮೆಲ್ಲಗೆ ಹೇಳಿದ. ದ್ಯಾಮವ್ವ ಕೊಡ ತರಲು ಎದ್ದಳು. ತಿರುಗಿ ನೋಡಿದರೆ, ನಾನು ಬುಟ್ಟಿಗೆ ಬಿಟ್ಟಿದ್ದ ಮರಿ ಅಲ್ಲಿರಲಿಲ್ಲ.

ಮೊದಲು ಕಂಡದ್ದು ಈರಭದ್ರನಿಗೆ. ಅದು ಗೋಡೆಯ ಮೇಲಿತ್ತು. ಮೋಡ ಕವಿದ ಸಂಜೆಯ ಬೆಳಕಿನಲ್ಲಿ, ಗಾರೆ ಉದುರಿದ ಕಲ್ಲುಗಳ ಮೇಲೆ ಒಂದೊಂದೇ ಕೈ ಊರಿ ಏರುತ್ತಿತ್ತು. ಆ ಅಗಲ ಬೆರಳುಗಳು ಕಲ್ಲನ್ನು ಹಿಡಿಯುವುದನ್ನು, ಬಿಡುವುದನ್ನು, ಮತ್ತೆ ಹಿಡಿಯುವುದನ್ನು ನಾವು ನಾಲ್ವರೂ ತಲೆ ಎತ್ತಿ ನೋಡುತ್ತ ನಿಂತೆವು. ಕಿಟಕಿ ಪಕ್ಕದಲ್ಲೇ ಇತ್ತು, ಅತ್ತ ಹೊರಳಲಿಲ್ಲ. ತೊಲೆಯವರೆಗೆ ಹೋಯಿತು. ತೊಲೆಯ ಮೇಲೆ ಜಂತಿಗಳು, ಜಂತಿಗಳ ಮೇಲೆ ಬಂದರಕಿ ಸೊಪ್ಪಿನ ಹಾಸು, ಅದರ ಮೇಲೆ ಮಾಳಿಗೆಯ ಮಣ್ಣು. ನಮ್ಮ ಕಡೆಯ ಮಾಳಿಗೆ ಮನೆಗಳೆಲ್ಲ ಹಾಗೆಯೇ, ತಲೆಯ ಮೇಲೆ ಮೊಳ ದಪ್ಪ ಮಣ್ಣು ಹೊತ್ತುಕೊಂಡೇ ಬಾಳುತ್ತೇವೆ. ಹೊತ್ತುಕೊಂಡಿದ್ದೇವೆ ಎಂದು ಯಾರಿಗೂ ನೆನಪಿರುವುದಿಲ್ಲ. ಎರಡು ಜಂತಿಗಳ ನಡುವೆ ಹಾಸು ಕಿತ್ತು ಮಣ್ಣು ಕಾಣುತ್ತಿದ್ದ ಕಡೆ ಅದು ನಿಂತಿತು. ಸ್ವಲ್ಪ ಹೊತ್ತು ಕದಲಲಿಲ್ಲ. ಆಮೇಲೆ ತಿರುಗಿ ನಮ್ಮ ಕಡೆ ಮುಖ ಮಾಡಿತು. ಕೈಗಳಿಂದ ಜಂತಿಯನ್ನು ಹಿಡಿದುಕೊಂಡು, ಕಾಲುಗಳಿಂದ ಮಣ್ಣನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತೋಡುತ್ತ, ಹಿಂದಹಿಂದಕ್ಕೆ ಸರಿಯತೊಡಗಿತು. ನಮ್ಮ ಕಣ್ಣಿಗೆ ಮಣ್ಣಿನ ಹುಡಿ ಬಿತ್ತು, ಯಾರೂ ಕಣ್ಣು ಮುಚ್ಚಲಿಲ್ಲ. ಬೆನ್ನು ಹೋಯಿತು, ಹೊಟ್ಟೆ ಹೋಯಿತು, ಕೆಂಪು ಪಟ್ಟೆ ಹೋಯಿತು. ಕೊನೆಗೆ ಎರಡು ಕಣ್ಣು ಮಾತ್ರ ಉಳಿದು, ಅವೂ ಮಣ್ಣಾದವು.

ಅಡಿವೆಪ್ಪ ಕೈ ಮುಗಿದುಕೊಂಡು ನಿಂತಿದ್ದ. ತಾನು ಮುಗಿದದ್ದು ಅವನಿಗೇ ಗೊತ್ತಿರಲಿಲ್ಲವೆಂದು ತೋರುತ್ತದೆ, ಏಕೆಂದರೆ ಗೊತ್ತಾದೊಡನೆ ಬಿಡಿಸಿಕೊಂಡು ಕೆಮ್ಮಿದ.

ಈರಭದ್ರ ನನ್ನ ಕಡೆ ತಿರುಗಿದ.

“ಅವ್ವಾರ, ಇದರ ಕಟ್ಟಳಿ ಏನು?”

ಗೊತ್ತಿಲ್ಲ ಎಂದೆ. ಇಂಥ ಕಪ್ಪೆಯ ಕಟ್ಟಳೆಯನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ, ಅದು ಹೇಗಿರುತ್ತದೋ ನೋಡಿಕೊಂಡು ನೀವೇ ತಿಳಿದುಕೊಳ್ಳಬೇಕು, ಎಂದೆ. ಒಂದು ಮಾತ್ರ ಸ್ಪಷ್ಟವಾಗಿತ್ತು, ಅದನ್ನು ಹೇಳಬೇಕಾದವನು ಅಡಿವೆಪ್ಪ. ಪ್ರತಿವರ್ಷ ರೋಹಿಣಿ ಮಳೆಗೆ ಮುಂಚೆ ಮಾಳಿಗೆಗಳ ಮೇಲೆ ಹೊಸ ಮಣ್ಣು ಹರಡಿ, ನೀರು ಚಿಮುಕಿಸಿ, ಮರದ ಕೊಡತಿಯಿಂದ ಬಡಿದು ಗಟ್ಟಿ ಮಾಡುತ್ತಾರೆ. ಬಡಿಯದಿದ್ದರೆ ಸೋರುತ್ತದೆ. ಬಡಿದರೆ ಒಳಗಿದ್ದ ಜೀವ ಉಳಿಯುವುದಿಲ್ಲ. ಅಡಿವೆಪ್ಪನ ಮಾಳಿಗೆ ಬಡಿಯಲು ಬರುವ ಸೋಮವಾರ ಆಳುಗಳು ಬರುವವರಿದ್ದರು.

ಅಡಿವೆಪ್ಪ ಮೇಲೆ ನೋಡಿದ, ಕೆಳಗೆ ನೋಡಿದ. ಸೋರಿದ ನೀರು ಕಲ್ಲುಹಾಸಿನ ಸಂದಿಯಿಂದ ಕೆಳಗಿಳಿದರೆ ನೇರ ಅವನ ಗಾಣಕ್ಕೆ. ಅರೆಯುವ ಕುಸುಬೆಯಲ್ಲಿ ನೀರು ಬೆರೆತರೆ ಎಣ್ಣೆ ಹಳಸುತ್ತದೆ. ಅವನ ಅಪ್ಪ ಕಟ್ಟಿದ ಗಾಣ ಅದು. ಇವರಿಬ್ಬರೂ ಅವನಿಗೆ ನಂಟರಲ್ಲ, ಇಷ್ಟರಲ್ಲ.

“ಈ ವರ್ಷ ಮಾಳಗಿ ಬಡಿಸೂದಿಲ್ಲ” ಎಂದ ಕೊನೆಗೆ. “ಆದ್ರ ಒಂದ ಮಾತು ತಂಗಿ. ನನ್ನ ಗಾಣದ ಮ್ಯಾಲ ಒಂದ ಹನಿ ಬಿತ್ತಂದ್ರ ಅವತ್ತ ನಾ ಮ್ಯಾಲ ಬರ್ತೀನಿ. ಬಂದು ಏನ್ ಹೇಳ್ತೀನೋ ಹೇಳ್ತೀನಿ. ಆಮ್ಯಾಲ ಬ್ಯಾಸರ ಮಾಡ್ಕೋಬ್ಯಾಡ್ರಿ.”

ಈರಭದ್ರನ ಉಳಿಯ ಚೀಲ ಬಾಗಿಲ ಪಕ್ಕದಲ್ಲೇ ಉಳಿಯಿತು. ಬಿಚ್ಚಿ ಗೂಟಕ್ಕೆ ತೂಗುಹಾಕಲು ಅವನು ಒಪ್ಪಲಿಲ್ಲ.

ಆ ದಿನಗಳಲ್ಲಿ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಕೈ ನೋಡಿ ಮರಗಪ್ಪೆ ಎಂದ ಮನೆಗಳೆಷ್ಟು? ಅವುಗಳಲ್ಲಿ ಎಷ್ಟು ಕಪ್ಪೆಗಳ ಕಾಲಿನಲ್ಲಿ ಗುದ್ದಲಿ ಇತ್ತು? ಕುಂಬಾರ ಓಣಿಯ ಕಾಶವ್ವ ನೆನಪಾದಳು. ಅವಳ ಕಪ್ಪೆಗೆ ಗುರುತು ಹೇಳಿದ್ದು ನನ್ನತ್ತೆ. ಅದು ಕಿಟಕಿಯಲ್ಲಿ ಎಂದೂ ಕೂರಲಿಲ್ಲವೆಂದು, ಕಾಶವ್ವ ಕಪ್ಪೆಯನ್ನು ನೋಡಿಕೊಳ್ಳಲು ಬಾರದವಳೆಂದು ಓಣಿಯವರು ಆಡಿಕೊಂಡಿದ್ದರು. ನಾನೂ ಆಡಿಕೊಂಡಿದ್ದೆ. ಒಂದು ಬೆಳಿಗ್ಗೆ ಹೋಗಿ ಅವಳ ಮುಂದೆ ಕೂತು ಎಲ್ಲ ಹೇಳಿ, ತಪ್ಪಾಯಿತು ಎಂದೆ. ಎಂಬತ್ತರ ಮುದುಕಿ ತನ್ನ ಮುದುಕನಿಗೆಂದು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡಳು. ಅದು ಕಣಜದ ಹಿಂದಿನ ಮಣ್ಣಿನಲ್ಲಿ ಇರುತ್ತದೆ, ತನಗೆ ಮದುವೆಯಾದ ವರ್ಷದಿಂದಲೇ ಗೊತ್ತು ಎಂದಳು. ಮತ್ತೆ ಇಷ್ಟು ವರ್ಷ ಕಿಟಕಿ ಏಕೆ ಮುಚ್ಚಲಿಲ್ಲ ಎಂದು ಕೇಳಿದೆ.

“ನಿಮ್ಮತ್ತಿ ಹೇಳಿದ್ಲಲ್ಲ” ಎಂದಳು ಕಾಶವ್ವ. “ಗಾಳಿ ಚಲೋ ಬರ್ತಿತ್ತು.”

ಅವಳಿಗೆ ನನ್ನ ಮೇಲೆ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಕಂಡದ್ದನ್ನು ಒಬ್ಬಳೇ ಕಂಡುಕೊಂಡು, ಊರಿನ ಮಾತನ್ನೂ ಕೇಳಿಕೊಂಡು, ಅರವತ್ತು ವರ್ಷ ಕಪ್ಪೆಗೂ ಕಿಟಕಿಗೂ ಎರಡಕ್ಕೂ ನಡೆದುಕೊಂಡವಳು ಅವಳು. ನಾನು ಅವಳ ಕಾಲು ಮುಟ್ಟಿ ಬಂದೆ.

ಅಟ್ಟದ ಕೋಣೆಯವರು ನೋಡುತ್ತಿದ್ದರು. ಈಗ ಅದೇ ಅವರ ಕೆಲಸವಾಗಿತ್ತು. ತೊಲೆಗೆ ಹಿಡಿದಿದ್ದ ಗೆದ್ದಲಿನ ಗೂಡು ಒಂದು ಮೂಲೆಯಲ್ಲಿ ಖಾಲಿಯಾಗಿದ್ದನ್ನು ಈರಭದ್ರ ಕಂಡ. ಕಪ್ಪೆಗೆ ಗೆದ್ದಲು ಸೇರುತ್ತದೆ ಎಂದು ತಿಳಿಯಿತು. ಜೋರಾಗಿ ಕಲ್ಲು ಕುಟ್ಟಿದರೆ ಮೇಲಿನಿಂದ ಮಣ್ಣು ಉದುರುತ್ತದೆ ಎಂದು ದ್ಯಾಮವ್ವ ಕಂಡಳು. ಅವತ್ತಿನಿಂದ ಅವನು ಕಲ್ಲು ಕುಟ್ಟುವ ಕೆಲಸವನ್ನು ಕೆರೆಯ ದಂಡೆಗೆ ಒಯ್ದ. ಒಲೆಯ ಹೊಗೆ ಆ ಕಡೆ ಹೋಗದಂತೆ ಒಲೆಯನ್ನು ಬಾಗಿಲಿನತ್ತ ಸರಿಸಿದರು. ಹೀಗೆ ಒಂದೊಂದಾಗಿ ಕಟ್ಟಳೆ ಹುಟ್ಟುತ್ತಿತ್ತು. ದ್ಯಾಮವ್ವ ನನ್ನನ್ನು ಕಂಡಾಗಲೆಲ್ಲ ಒಂದು ಹೊಸ ಮಾತು ಹೇಳುತ್ತಿದ್ದಳು. ನಾನು ಕಲಿಯುವವಳು, ಅವಳು ಕಲಿಸುವವಳು ಆಗಿದ್ದೆವು. ಆದರೆ ಮೋಡ ಕಂಡರೆ ಅವಳ ಮಾತು ನಿಲ್ಲುತ್ತಿತ್ತು.

ರೋಹಿಣಿ ಮಳೆ ಈ ವರ್ಷ ಎಂಟು ದಿನ ತಡವಾಗಿ, ನಡುಹಗಲಿಗೇ ಬಂತು. ಮೊದಲ ಗುಡುಗಿಗೇ ನಾನು ಗೋಣಿಕೊಪ್ಪೆ ತಲೆಗೆ ಹಾಕಿಕೊಂಡು ಹೊರಟೆ. ಏಕೆ ಹೊರಟೆನೋ, ನಾನೇನೂ ಮಾಡುವಂತಿರಲಿಲ್ಲ. ಗಾಣದ ಮನೆ ಮುಟ್ಟುವ ಹೊತ್ತಿಗೆ ಮಳೆ ಜಡಿದು ಹಿಡಿದಿತ್ತು. ಮೆಟ್ಟಿಲು ಹತ್ತಿದೆ. ಕೋಣೆಯಲ್ಲಿ ಗಂಡ ಹೆಂಡತಿ ಇದ್ದ ಪಾತ್ರೆಗಳನ್ನೆಲ್ಲ ನೆಲಕ್ಕೆ ಹರಡಿದ್ದರು. ಎರಡು ಕೊಡ, ಬೋಗುಣಿ, ತಂಬಿಗೆ, ಹಿಟ್ಟು ನಾದುವ ಕೊಣಮಿಗೆ. ಆರು ಕಡೆ ಸೋರುತ್ತಿತ್ತು, ಪಾತ್ರೆ ಐದೇ ಇದ್ದವು. ಆರನೆಯದಕ್ಕೆ ದ್ಯಾಮವ್ವ ತನ್ನ ಹೊಸ ಕೌದಿಯನ್ನು ಮಡಿಸಿ ಹಾಸಿದ್ದಳು. ಮಾರಲೆಂದು ಎರಡು ತಿಂಗಳು ಹೊಲಿದ ಕೌದಿ ಅದು. ಅದು ನೀರು ಕುಡಿದು ಕುಡಿದು, ಇನ್ನು ಕುಡಿಯಲಾರದೆ ಅಂಚಿನಿಂದ ಬಿಡತೊಡಗಿತು. ಈರಭದ್ರ ಮೊಣಕಾಲೂರಿ ತನ್ನ ತಲೆವಸ್ತ್ರದಿಂದ ಒರೆಸಿದ. ನಾನೂ ಕೂತು ಸೆರಗಿನಿಂದ ಒರೆಸಿದೆ. ಆದರೂ ಒಂದು ಎಳೆ ನೀರು ನಮ್ಮ ಕೈ ತಪ್ಪಿಸಿಕೊಂಡು ಕಲ್ಲಿನ ಸಂದಿಗೆ ಇಳಿಯಿತು.

ಕೆಳಗೆ ತಿರುಗುತ್ತಿದ್ದ ಗಾಣದ ಕಿರುಗುಟ್ಟುವ ಸದ್ದು ನಿಂತಿತು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎತ್ತನ್ನು ಬಿಚ್ಚಿ ಕಟ್ಟಿದ್ದು ಕೇಳಿಸಿತು. ಮೆಟ್ಟಿಲಿನ ಮೇಲೆ ಅಡಿವೆಪ್ಪನ ಹೆಜ್ಜೆ ಕೇಳಿಸಿತು. ಈರಭದ್ರ ಎದ್ದು ಬಾಗಿಲ ಪಕ್ಕದ ಚೀಲವನ್ನು ಹೆಗಲಿಗೆ ಹಾಕಿಕೊಂಡ. ದ್ಯಾಮವ್ವ ಒರೆಸುವುದನ್ನು ಬಿಟ್ಟು ಅವನ ಕಾಲ ಬಳಿ ಕೂತಳು. ಅಡಿವೆಪ್ಪ ಬಾಗಿಲಲ್ಲಿ ನಿಂತ. ಅವನ ಬೋಳುತಲೆಯ ಮೇಲೆ ನೀರು ಬಿದ್ದ ಗುರುತು ಹೊಳೆಯುತ್ತಿತ್ತು, ಮುಖ ಕೆಂಪಾಗಿತ್ತು. ಹೇಳಲೆಂದು ಬಾಯಿ ತೆರೆದ.

ಆಗ ಮೇಲಿನಿಂದ ದನಿ ಬಂತು.

ಊಂ ಎಂದು ಒಂದು. ದೊಡ್ಡ ಶಂಖವನ್ನು ಮೆಲ್ಲನೆ ಊದಿದಂತೆ. ಮತ್ತೆ ಊಂ. ಅದು ಕಪ್ಪೆಯ ಗಂಟಲಿನಿಂದ ಬಂದಂತಿರಲಿಲ್ಲ, ಮಾಳಿಗೆಯೇ ದನಿ ತೆಗೆದಂತಿತ್ತು. ಮಣ್ಣಿನಿಂದ ಸೊಪ್ಪಿಗೆ, ಸೊಪ್ಪಿನಿಂದ ಜಂತಿಗೆ, ಜಂತಿಯಿಂದ ತೊಲೆಗೆ ಇಳಿದು, ಗೋಡೆಯ ಕಲ್ಲುಗಳಲ್ಲಿ ಹಾದು, ನಮ್ಮ ಪಾದದಡಿಯ ಹಾಸುಗಲ್ಲಿನವರೆಗೂ ಬಂತು. ಪಾತ್ರೆಗಳಲ್ಲಿ ನಿಂತ ನೀರು ಉಂಗುರ ಉಂಗುರವಾಗಿ ನಡುಗಿತು. ಹೆಬ್ಬೆರಳಿನ ಉಗುರಿನಷ್ಟಿದ್ದ ಜೀವ. ನನ್ನ ನಾಡಿಯ ಮೇಲೆ ಕೂತಿದ್ದ ಜೀವ. ಇಡೀ ಮನೆ ಅದರ ಗಂಟಲಾಗಿತ್ತು.

ನಾನು ಎಷ್ಟೋ ಮಂದಿಗೆ ಗುರುತು ಹೇಳಿದ್ದೇನೆ. ಆ ಹೊತ್ತಿನಲ್ಲಿ ಯಾರಾದರೂ ನನ್ನ ಗುರುತು ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ.

ಅಡಿವೆಪ್ಪನ ಬಾಯಿ ತೆರೆದದ್ದು ಹಾಗೆಯೇ ಇತ್ತು. ಅವನು ಒಂದು ಕೈಯನ್ನು ಬಾಗಿಲ ಚೌಕಟ್ಟಿನ ಮೇಲಿಟ್ಟ. ದನಿ ಅದರೊಳಗೂ ಹಾಯುತ್ತಿತ್ತು. ಕೈ ತೆಗೆಯಲಿಲ್ಲ. ನಿಂತೇ ಇದ್ದು, ಆಮೇಲೆ ಚೌಕಟ್ಟಿಗೆ ಬೆನ್ನು ಕೊಟ್ಟು, ಮುದುಕರು ಕೂರುವ ಹಾಗೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಹೊಸ್ತಿಲ ಒಳಗೆ ಕೂತ. ಅವನ ಪಕ್ಕದಲ್ಲಿದ್ದ ಕೌದಿಯಿಂದ ನೀರು ಅವನ ಪಂಚೆಗೆ ಹತ್ತುತ್ತಿತ್ತು. ಅವನು ಅದರ ಕಡೆ ನೋಡಲಿಲ್ಲ. ದ್ಯಾಮವ್ವ ಎದ್ದು ಗಂಡನ ಹೆಗಲಿನಿಂದ ಚೀಲವನ್ನು ಇಳಿಸಿ, ಗೋಡೆಯ ಗೂಟಕ್ಕೆ ತೂಗುಹಾಕಿದಳು.

ಮಳೆ ನಿಲ್ಲುವವರೆಗೂ ನಾವು ನಾಲ್ವರೂ ಹಾಗೆಯೇ ಕೂತಿದ್ದೆವು. ನಿಂತ ಮೇಲೆ ಅಡಿವೆಪ್ಪ ಎದ್ದು, ತುಂಬಿದ ಕೊಡವೊಂದನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡು, ಚೆಲ್ಲದಂತೆ ಒಂದೊಂದೇ ಮೆಟ್ಟಿಲು ಇಳಿದು ಹೋದ. ಹೇಳಲೆಂದು ಬಂದ ಮಾತನ್ನು ಅವನು ಆಮೇಲೂ ಹೇಳಲಿಲ್ಲ.